ಯುದ್ಧ ಬೇರೆ, ಭಯೋತ್ಪಾದನೆ ಬೇರೆ

ಕಳೆದ ವಾರ ಗಿರಣಿಯ ಎರಡನೆಯ ಪಾಳಿ ಬಿಟ್ಟ ಹೊತ್ತಿನಲ್ಲಿ, ಗೇಟಿನ ಎದುರಿನ ಚಹದಂಗಡಿಯಲ್ಲಿ, ನಮ್ಮ ಕೈಗೂ ಒಂದು ಚೀಟಿ ಬಂತು. ಬರೆದವರ ಹೆಸರಿಲ್ಲ, ಅಚ್ಚು ಹಾಕಿದವರ ಹೆಸರಿಲ್ಲ. ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಚಳಿಗಾಲಕ್ಕೆ ಬಂದು ಶಾಲು, ಸ್ವೆಟರು ಹರಡಿಕೊಂಡು ಕೂರುವ ಕಾಶ್ಮೀರದ ವ್ಯಾಪಾರಿಗಳ ಹತ್ತಿರ ಯಾರೂ ಏನನ್ನೂ ಕೊಳ್ಳಬಾರದು. ಕಂತಿನ ಮೇಲೆ ಕೊಂಡವರು ಬಾಕಿ ಕೊಡಬಾರದು. ಪಹಲ್ಗಾಮಿನಿಂದ ಈಚೆಗೆ ನಡೆದಿರುವುದು ಯುದ್ಧ, ಯುದ್ಧದಲ್ಲಿ ಶತ್ರುವಿನ ಸಾಲ ತೀರಿಸುವ ಪದ್ಧತಿಯಿಲ್ಲ ಎಂದು ಅದರ ಒಕ್ಕಣೆ. ಓದಿ ಕೆಲವರು ನಕ್ಕರು. ಕೆಲವರು ನಗಲಿಲ್ಲ. ಸ್ಪಿನ್ನಿಂಗ್ ಖಾತೆಯ ಹಿರಿಯರೊಬ್ಬರು ಮಾತ್ರ ಲೋಟ ಕೆಳಗಿಟ್ಟು ನಮ್ಮನ್ನು ಕೇಳಿದರು: "ಒಬ್ಬರು ಯುದ್ಧ ಅಂತಾರೆ, ಒಬ್ಬರು ಭಯೋತ್ಪಾದನೆ ಅಂತಾರೆ. ಸತ್ತೋನಿಗೆ ಎರಡೂ ಒಂದೇ ಅಲ್ಲೇನ್ರೀ? ನೀವು ಪೇಪರಿನೋರು ಯಾಕೆ ಎರಡು ಹೆಸರು ಇಟ್ಕೊಂಡೀರಿ?"

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಸತ್ತವನ ಮನೆಯಲ್ಲಿ ಒಲೆ ಆರುವುದು ಎರಡರಲ್ಲಿಯೂ ಒಂದೇ ಬಗೆ. 2025ರ ಮೇ ತಿಂಗಳಲ್ಲಿ ಗಡಿಯಾಚೆಯಿಂದ ಪೂಂಛ್ ಪಟ್ಟಣದ ಮೇಲೆ ಫಿರಂಗಿ ಗುಂಡುಗಳು ಬಿದ್ದಾಗ ಹತ್ತಕ್ಕೂ ಹೆಚ್ಚು ಮಂದಿ ನಾಗರಿಕರು ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಹಾರಿಸಿದವರು ಸಮವಸ್ತ್ರದ ಸೈನಿಕರು, ಗುಂಡು ಯುದ್ಧದ ಗುಂಡು. ಯುದ್ಧವೆಂದರೆ ಗೌರವದ ಕೆಲಸ, ಭಯೋತ್ಪಾದನೆಯೆಂದರೆ ಮಾತ್ರ ಹೊಲಸು ಕೆಲಸ ಎಂದು ನಾವು ಹೇಳಹೊರಟಿಲ್ಲ. ಯುದ್ಧ ನಡೆಸುವವರು ಯಾರು, ಅದರಲ್ಲಿ ಸಾಯುವವರು ಯಾರ ಮಕ್ಕಳು ಎಂಬುದು ನಮ್ಮ ವಾಚಕರಿಗೆ ತಿಳಿಯದ ವಿಷಯವೂ ಅಲ್ಲ.

ಆದರೆ ಎರಡು ಹೆಸರು ಬೇಕೇ ಬೇಕು. ಸತ್ತವನ ಸಲುವಾಗಿ ಅಲ್ಲ, ಬದುಕಿರುವ ನಾವು ಮರುದಿನ ಏನು ಮಾಡಬೇಕೆಂಬುದು ಆ ಹೆಸರಿನಿಂದ ನಿರ್ಧಾರವಾಗುತ್ತದೆ ಎಂಬ ಕಾರಣಕ್ಕಾಗಿ.

2025ರ ಏಪ್ರಿಲ್ 22ರಂದು ಪಹಲ್ಗಾಮಿನ ಬೈಸರನ್ ಹುಲ್ಲುಗಾವಲಿನಲ್ಲಿ 26 ಮಂದಿಯನ್ನು ಕೊಂದರು. ನಮ್ಮ ಶಿವಮೊಗ್ಗದವರೊಬ್ಬರೂ ಅದರಲ್ಲಿ ಸೇರಿದ್ದರು. ಹೆಂಡತಿ ಮಕ್ಕಳೆದುರಿಗೆ, ಧರ್ಮ ಯಾವುದೆಂದು ಕೇಳಿ ಹೊಡೆದರು. ಪ್ರವಾಸಿಗಳನ್ನು ಕುದುರೆಯ ಮೇಲೆ ಕರೆತಂದು ಹೊಟ್ಟೆ ಹೊರೆಯುತ್ತಿದ್ದ ಅಲ್ಲಿಯದೇ ಮುಸಲ್ಮಾನನೊಬ್ಬನೂ ಸತ್ತ. ಹದಿನೈದು ದಿನಗಳ ಮೇಲೆ, ಮೇ 7ರಂದು, ಭಾರತದ ಸೇನೆ ಗಡಿಯಾಚೆಯ ಒಂಬತ್ತು ಕಡೆ ದಾಳಿ ಮಾಡಿತು. ನಾಲ್ಕು ದಿನ ಎರಡೂ ದೇಶಗಳ ವಿಮಾನ, ಕ್ಷಿಪಣಿ, ಡ್ರೋನುಗಳು ಹಾರಾಡಿದವು. (ಆ ನಾಲ್ಕು ರಾತ್ರಿ ನಮ್ಮ ಟೆಲಿವಿಷನ್ನುಗಳಲ್ಲಿ ಕರಾಚಿ ಬಂದರು ಧ್ವಂಸವಾದ ಸುದ್ದಿ ಬಂದುದೂ, ಬೆಳಗಾಗುವುದರೊಳಗೆ ಅದು ತೆಪ್ಪಗಾದುದೂ ವಾಚಕರ ನೆನಪಿನಲ್ಲಿದೆ.) ಮೇ 10ರ ಮಧ್ಯಾಹ್ನ ಪಾಕಿಸ್ತಾನದ ಸೇನಾ ಕಾರ್ಯಾಚರಣೆಯ ಮುಖ್ಯಾಧಿಕಾರಿ ಭಾರತದ ಅದೇ ಹುದ್ದೆಯ ಅಧಿಕಾರಿಗೆ ಟೆಲಿಫೋನ್ ಮಾಡಿದರು. ಸಂಜೆ 5 ಗಂಟೆಯಿಂದ ಗುಂಡು ನಿಲ್ಲಿಸುವುದೆಂದು ಮಾತಾಯಿತು. ಅಂದು ರಾತ್ರಿ ಅಲ್ಲಲ್ಲಿ ಮಾತು ಮುರಿದರೂ ಕೊನೆಗೆ ನಿಂತಿತು.

ಈ ಟೆಲಿಫೋನನ್ನು ವಾಚಕರು ಸ್ವಲ್ಪ ಗಮನಿಸಬೇಕು. ಯುದ್ಧಕ್ಕೆ ಎರಡು ತುದಿಯಲ್ಲಿಯೂ ಉತ್ತರ ಕೊಡುವ ಒಬ್ಬ ಮನುಷ್ಯನಿರುತ್ತಾನೆ. ಆತ ನಿಲ್ಲಿಸು ಎಂದರೆ ಲಕ್ಷ ಜನ ನಿಲ್ಲಿಸುತ್ತಾರೆ. ನಿಲ್ಲಿಸದಿದ್ದರೆ ಲೋಕದ ಮುಂದೆ ಆತನನ್ನೇ ಹಿಡಿದು ಕೇಳಬಹುದು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ, 1972ರ ಜುಲೈಯಲ್ಲಿ ಶಿಮ್ಲಾದಲ್ಲಿ ಕುಳಿತು ಸಹಿ ಹಾಕಲು ಸಾಧ್ಯವಾದದ್ದು ಇದರಿಂದ. ಬೈಸರನ್ನಿನಲ್ಲಿ ಗುಂಡು ಹಾರಿಸಿದವರ ಜೊತೆ ಯಾರು ಎಲ್ಲಿ ಕುಳಿತು ಸಹಿ ಹಾಕಬೇಕು? ಮೇ 10ಕ್ಕೆ ಯುದ್ಧ ನಿಂತಾಗ ಆ ಕೊಲೆಗಡುಕರು ಇನ್ನೂ ಕಾಡಿನಲ್ಲಿಯೇ ಇದ್ದರು. ಶ್ರೀನಗರದ ಸಮೀಪ ಅವರು ಹತರಾದುದು ಜುಲೈ 28ಕ್ಕೆ ಎಂದು ಸರಕಾರವೇ ಸಂಸತ್ತಿನಲ್ಲಿ ಹೇಳಿತು. ಯುದ್ಧ ಮುಗಿದು ಎರಡೂವರೆ ತಿಂಗಳಿಗೆ! ಎರಡೂ ಒಂದೇ ಆಗಿದ್ದರೆ ಎರಡೂ ಒಂದೇ ದಿನ ಮುಗಿಯಬೇಕಾಗಿತ್ತು.

ಇನ್ನು ಗುರಿಯ ಮಾತು. 1999ರ ಬೇಸಗೆಯಲ್ಲಿ ಕಾರ್ಗಿಲ್ಲಿನ ಶಿಖರಗಳಿಗಾಗಿ ನಡೆದ ಕಾದಾಟದಲ್ಲಿ 527 ಮಂದಿ ಭಾರತೀಯ ಸೈನಿಕರು ಪ್ರಾಣ ಕೊಟ್ಟರು. ತೊಲೋಲಿಂಗ್, ಟೈಗರ್ ಹಿಲ್‌ನಂತಹ ಬೋಳು ಬಂಡೆಗಳಿಗಾಗಿ ಅಷ್ಟು ಜನ ಏಕೆ ಸಾಯಬೇಕಾಯಿತು ಎಂದರೆ ಉತ್ತರ ಸ್ಪಷ್ಟವಿದೆ: ಆ ಶಿಖರದ ಮೇಲೆ ಕುಳಿತವನಿಗೆ ಶ್ರೀನಗರದಿಂದ ಲೇಹಕ್ಕೆ ಹೋಗುವ ರಸ್ತೆ ಕಾಣುತ್ತದೆ, ರಸ್ತೆ ಕಾಣುವವನಿಗೆ ರಸ್ತೆಯ ಮೇಲಿನ ಲಾರಿಗಳನ್ನು ಹೊಡೆಯಲು ಬರುತ್ತದೆ. ಶಿಖರ ಕೈಬಿಟ್ಟರೆ ಶತ್ರುವಿನ ಶಕ್ತಿ ಅಷ್ಟು ಕುಂದಿತು. ಯುದ್ಧದ ಲೆಕ್ಕ ಇದು. ಎದುರಾಳಿಯ ಕಾದಾಡುವ ಶಕ್ತಿಯನ್ನು ಮುರಿಯುವುದು ಅದರ ಗುರಿ.

2008ರ ನವೆಂಬರ್ 26ರ ರಾತ್ರಿಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಮೀನುಗಾರರ ದೋಣಿಯೊಂದನ್ನು ಹಿಡಿದು, ಅದರ ಮೀನುಗಾರರನ್ನು ಕೊಂದು, ಹತ್ತು ಮಂದಿ ಕಡಲ ಮೂಲಕ ಮುಂಬಯಿಗೆ ಬಂದರು. ಅವರಲ್ಲಿ ಇಬ್ಬರು ಛತ್ರಪತಿ ಶಿವಾಜಿ ರೈಲು ನಿಲ್ದಾಣವನ್ನು ಹೊಕ್ಕು, ದೂರದ ಊರಿನ ಗಾಡಿಗಾಗಿ ಗಂಟುಮೂಟೆ ಕಟ್ಟಿಕೊಂಡು ನೆಲದ ಮೇಲೆ ಕುಳಿತಿದ್ದವರ ಮೇಲೆ ಗುಂಡಿನ ಮಳೆಗರೆದರು. ಅಲ್ಲಿಯೇ 50ಕ್ಕೂ ಹೆಚ್ಚು ಜನ ಸತ್ತರು. ಮೂರು ದಿನಗಳಲ್ಲಿ ಒಟ್ಟು 166. ಆ ನಿಲ್ದಾಣವನ್ನು ಗೆದ್ದುಕೊಂಡು ಅವರು ಮಾಡುವುದೇನಿತ್ತು? ಸತ್ತವರಲ್ಲಿ ಯಾರು ಪಾಕಿಸ್ತಾನದ ಮೇಲೆ ಕೋವಿ ಎತ್ತಿದವರು? ಊರಿಗೆ ಹೊರಟಿದ್ದ ಕೂಲಿಕಾರನನ್ನು ಕೊಂದರೆ ಭಾರತದ ಸೇನೆಯ ಒಂದು ತೋಟೆಯೂ ಕಡಿಮೆಯಾಗುವುದಿಲ್ಲ. ಕೊಂದವರಿಗೂ ಅದು ಗೊತ್ತಿತ್ತು. ಅವರಿಗೆ ಬೇಕಾಗಿದ್ದುದು ಆ ಕೂಲಿಕಾರನ ಪ್ರಾಣವಲ್ಲ, ಅದನ್ನು ನೋಡುವವರ ಎದೆ. ಸತ್ತವನು ಬರಿಯ ಕಾಗದ. ಅದರ ಮೇಲಿನ ವಿಳಾಸ ನಮ್ಮದು, ನಿಮ್ಮದು. ಗಡಿಯಾಚೆ ಕುಳಿತು ಈ ಹತ್ತು ಮಂದಿಯನ್ನು ಟೆಲಿಫೋನಿನಲ್ಲಿ ನಡೆಸುತ್ತಿದ್ದವರು ನಮ್ಮ ಟೆಲಿವಿಷನ್ನುಗಳನ್ನೇ ನೋಡಿಕೊಂಡು ಅಪ್ಪಣೆ ಕೊಡುತ್ತಿದ್ದರೆಂಬುದು ಮುಂದೆ ವಿಚಾರಣೆಯಲ್ಲಿ ಹೊರಬಂತು. ಆ ನೇರಪ್ರಸಾರವನ್ನು 2012ರಲ್ಲಿ ಸುಪ್ರೀಂ ಕೋರ್ಟು ಕಟುವಾಗಿ ಟೀಕಿಸಿತು. ಸೇನೆಯೊಂದು ಕತ್ತಲೆಯಲ್ಲಿ, ಯಾರಿಗೂ ತಿಳಿಯದಂತೆ ಕೆಲಸ ಮುಗಿಸಿದರೆ ಸಂತೋಷಪಡುತ್ತದೆ. ಭಯೋತ್ಪಾದಕನಿಗೆ ದೀಪವೂ ಬೇಕು, ಪ್ರೇಕ್ಷಕರೂ ಬೇಕು.

ಹಾಗಾದರೆ ಸಮವಸ್ತ್ರ ಹಾಕಿದವನು ಯೋಧ, ಹಾಕದವನು ಭಯೋತ್ಪಾದಕ ಎಂದು ಗೆರೆ ಎಳೆದುಬಿಡೋಣವೇ? ಅನೇಕ ಸರಕಾರಗಳಿಗೆ ಈ ಗೆರೆ ಬಹಳ ಇಷ್ಟ. ನಾವು ಒಪ್ಪುವುದಿಲ್ಲ. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಜನರಲ್ ಡಯರನ ಸೈನಿಕರು 1,650 ಗುಂಡು ಹಾರಿಸಿದರು. ಸತ್ತವರು 379 ಎಂದು ಸರಕಾರ ಒಪ್ಪಿಕೊಂಡಿತು. ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚೆಂದು ಕಾಂಗ್ರೆಸಿನವರು ನಡೆಸಿದ ವಿಚಾರಣೆ ಹೇಳಿತು. ಡಯರ್ ಸಮವಸ್ತ್ರದಲ್ಲಿದ್ದ. ಅವನ ಹಿಂದೆ ಸಾಮ್ರಾಜ್ಯವೇ ಇತ್ತು. ಆದರೆ ಹಂಟರ್ ಸಮಿತಿಯ ಮುಂದೆ ಅವನು ಕೊಟ್ಟ ಹೇಳಿಕೆಯನ್ನು ನೋಡಬೇಕು: ಗುಂಪನ್ನು ಚದುರಿಸುವುದಷ್ಟೇ ತನ್ನ ಉದ್ದೇಶವಾಗಿರಲಿಲ್ಲ, ಅಲ್ಲಿ ಇಲ್ಲದವರ ಮೇಲೂ, ಇಡೀ ಪಂಜಾಬಿನ ಮೇಲೆಯೂ ಪರಿಣಾಮವಾಗಬೇಕಿತ್ತು ಎಂದು ಅವನೇ ಒಪ್ಪಿಕೊಂಡ. ಬಾಗಿನಲ್ಲಿದ್ದವರನ್ನು ಕೊಂದು ಬಾಗಿನಲ್ಲಿ ಇಲ್ಲದವರಿಗೆ ಪಾಠ! ಮುಂಬಯಿಯ ನಿಲ್ದಾಣದಲ್ಲಿ ನಡೆದುದಕ್ಕೂ ಇದಕ್ಕೂ ಉದ್ದೇಶದಲ್ಲಿ ಕೂದಲೆಳೆಯ ಅಂತರವಿಲ್ಲ. ಭೀತಿಯ ಆಳ್ವಿಕೆ ಎಂಬ ಹೆಸರು ಹುಟ್ಟಿದ್ದೇ 1793-94ರಲ್ಲಿ ಫ್ರಾನ್ಸಿನ ಸರಕಾರ ನಡೆಸಿದ ಕೆಲಸಕ್ಕೆ, ಸರಕಾರದ ವಿರೋಧಿಗಳು ನಡೆಸಿದ್ದಕ್ಕೆ ಅಲ್ಲ. ಉಡುಪಿನಿಂದ ಅಳೆಯಬಾರದು. ಯಾರನ್ನು ಕೊಂದ, ಯಾರಿಗೆ ತೋರಿಸಲು ಕೊಂದ ಎಂಬುದರಿಂದ ಅಳೆಯಬೇಕು.

ಸರಕಾರಗಳು ಈ ಅಳತೆಗೋಲಿಗೆ ಹೆದರುತ್ತವೆ. ಭಯೋತ್ಪಾದನೆಯ ವಿರುದ್ಧ ಲೋಕಕ್ಕೆಲ್ಲ ಅನ್ವಯಿಸುವ ಒಂದು ಒಪ್ಪಂದವಾಗಲಿ ಎಂದು ಭಾರತವೇ 1996ರಲ್ಲಿ ವಿಶ್ವಸಂಸ್ಥೆಯ ಮುಂದೆ ಕರಡನ್ನಿಟ್ಟಿತು. ಮೂವತ್ತು ವರ್ಷಗಳ ಚರ್ಚೆಗೂ ಅದು ಬಗೆಹರಿದಿಲ್ಲ. ತಮ್ಮ ಸೇನೆ ಮಾಡಿದ್ದು ಇದರೊಳಗೆ ಸೇರಬಾರದು ಎಂದು ಕೆಲವರು, ತಮಗೆ ಬೇಕಾದ ವಿಮೋಚನಾ ಹೋರಾಟಗಾರರು ಸೇರಬಾರದು ಎಂದು ಇನ್ನು ಕೆಲವರು. ಇನ್ನೊಂದು ಚಮತ್ಕಾರವೂ ಉಂಟು: ತಮ್ಮ ಸೈನಿಕರಿಗೇ ಬೇರೆ ವೇಷ ಹಾಕಿ ಕಳುಹಿಸುವುದು. ಕಾರ್ಗಿಲ್ಲಿನ ಶಿಖರಗಳ ಮೇಲಿದ್ದವರು ತನ್ನ ಸೈನಿಕರಲ್ಲ, ಮುಜಾಹಿದೀನರು ಎಂದು ಪಾಕಿಸ್ತಾನ ಸಾಧಿಸುತ್ತಿತ್ತು. ಅವರಲ್ಲಿ ಸತ್ತ ಅನೇಕರ ಹೆಣಗಳನ್ನು ಪಡೆಯಲೂ ಅದು ಮುಂದಾಗಲಿಲ್ಲ. ಬಡವರ ಮನೆಯ ಆ ಹುಡುಗರನ್ನು ಅವರ ಮತದ ವಿಧಿಯಂತೆ ಮಣ್ಣು ಮಾಡಿದವರು ಎದುರಾಳಿ ಭಾರತದ ಸೈನಿಕರು.

ಈಗ ಚೀಟಿಯ ವಿಷಯಕ್ಕೆ ಬರೋಣ. "ಇದು ಯುದ್ಧ" ಎಂಬ ಅದರ ಮಾತಿನಲ್ಲಿಯೇ ವಿಷವಿದೆ. ಯುದ್ಧದಲ್ಲಿ ಎದುರು ಪಡೆಯ ಸೈನಿಕ ತಪ್ಪಿತಸ್ಥನೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ. ಆ ಪಡೆಯವನಾದರೆ ಸಾಕು, ಗುಂಡು ಹಾರಿಸಬಹುದು. ಆದರೆ ಅದೇ ಯುದ್ಧನೀತಿ, ಸೆರೆ ಸಿಕ್ಕ ಮೇಲೆ ಅವನು ಅಪರಾಧಿಯೂ ಅಲ್ಲ ಎನ್ನುತ್ತದೆ. 1949ರ ಜಿನೀವಾ ಒಪ್ಪಂದಗಳ ಪ್ರಕಾರ, ಬರಿಯ ಕಾದಾಡಿದ ಕಾರಣಕ್ಕೆ ಅವನನ್ನು ಶಿಕ್ಷಿಸುವಂತಿಲ್ಲ. ಊಟ ಹಾಕಿ, ಗಾಯಕ್ಕೆ ಔಷಧಿ ಕೊಟ್ಟು, ಕೊನೆಗೆ ಮನೆಗೆ ಕಳುಹಿಸಬೇಕು. 1971ರ ಯುದ್ಧದಲ್ಲಿ ಸೆರೆಸಿಕ್ಕ ಸುಮಾರು 93 ಸಾವಿರ ಮಂದಿಯನ್ನು ಭಾರತ ಹಾಗೆಯೇ ಕಳುಹಿಸಿತು. 1999ರಲ್ಲಿ ಪಾಕಿಸ್ತಾನದ ಕೈಗೆ ಸಿಕ್ಕ ನಮ್ಮ ವಿಮಾನ ಚಾಲಕ ನಚಿಕೇತ ಎಂಟು ದಿನಗಳಲ್ಲಿ ಹಿಂದಿರುಗಿದರು. ಈ ನೀತಿ ಮುರಿಯುವುದುಂಟು, ಅನೇಕ ಸಲ ಮುರಿದಿದೆ. ಮುರಿದವನನ್ನು ದೂರಲು ಬರುವುದು ನೀತಿ ಇರುವುದರಿಂದಲೇ.

ಭಯೋತ್ಪಾದಕ ಸೆರೆ ಸಿಕ್ಕರೆ ಲೆಕ್ಕ ತಿರುಗುಮುರುಗು. ಅವನನ್ನು ಮನೆಗೆ ಕಳುಹಿಸುವಂತಿಲ್ಲ, ಅವನು ಕೊಲೆಗಾರ. ಕೊಲೆಗಾರನಾದ್ದರಿಂದಲೇ ಅವನ ಮೇಲಿನ ಆರೋಪವನ್ನು ಸಾಕ್ಷಿ ಹಿಡಿದು ಸಾಬೀತು ಮಾಡಬೇಕು. ಮುಂಬಯಿಯ ಆ ರಾತ್ರಿ ಪೋಲೀಸ್ ಅಸಿಸ್ಟೆಂಟ್ ಸಬ್ ಇನ್ಸ್‌ಪೆಕ್ಟರ್ ತುಕಾರಾಮ ಓಂಬಳೆ ಬರಿಯ ಲಾಠಿಯೊಡನೆ ಮುನ್ನುಗ್ಗಿ ಕಸಬನ ಬಂದೂಕಿನ ಕೊಳವೆಯನ್ನು ಹಿಡಿದುಕೊಂಡು, ಗುಂಡೆಲ್ಲ ತಮ್ಮ ಮೈಯೊಳಗೆ ಇಳಿದರೂ ಬಿಡಲಿಲ್ಲ. ಅವರು ಸತ್ತರು, ಕಸಬ್ ಜೀವಂತ ಸಿಕ್ಕಿದ. ಅವನಿಗೆ ವಕೀಲರನ್ನು ಕೊಡಲಾಯಿತು, ವಿಚಾರಣೆ ನಡೆಯಿತು, ಹೈಕೋರ್ಟು ನೋಡಿತು, ಸುಪ್ರೀಂ ಕೋರ್ಟು ನೋಡಿತು. 2012ರ ನವೆಂಬರ್ 21ರಂದು ಪುಣೆಯ ಯೆರವಡಾ ಜೈಲಿನಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಇಷ್ಟು ಎಲ್ಲರಿಗೂ ಗೊತ್ತು. ಅದೇ ಮೊಕದ್ದಮೆಯಲ್ಲಿ ಅವನ ಜೊತೆ ನಿಂತಿದ್ದ ಇಬ್ಬರು ಭಾರತೀಯ ಆರೋಪಿಗಳನ್ನು ಸಾಕ್ಷ್ಯ ಸಾಲದೆಂದು ಮೂರೂ ಕೋರ್ಟುಗಳು ಆ ಆರೋಪದಿಂದ ಬಿಡುಗಡೆ ಮಾಡಿದುದು ಎಷ್ಟು ಜನರಿಗೆ ಗೊತ್ತಿದೆ? ಒಂದೇ ಕಟಕಟೆಯಿಂದ ಒಬ್ಬ ಗಲ್ಲಿಗೆ, ಇಬ್ಬರು ಬಿಡುಗಡೆಗೆ. ಈ ಬೇರ್ಪಡಿಸುವ ಕೆಲಸವನ್ನು ಯಾವ ಫಿರಂಗಿಯೂ ಮಾಡಲಾರದು.

ಈ ಕೆಲಸ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೂ ಮುಂಬಯಿಯೇ ನಿದರ್ಶನ. 2006ರ ಜುಲೈ 11ರ ಸಂಜೆ, ಜನ ಕೆಲಸದಿಂದ ಮನೆಗೆ ಹಿಂದಿರುಗುವ ಹೊತ್ತಿಗೆ, ಲೋಕಲ್ ರೈಲುಗಳಲ್ಲಿ 11 ನಿಮಿಷಗಳೊಳಗೆ ಏಳು ಬಾಂಬುಗಳು ಸಿಡಿದು ಇನ್ನೂರರ ಸುಮಾರಿಗೆ ಜನ ಸತ್ತರು. ಹನ್ನೆರಡು ಮಂದಿಗೆ 2015ರಲ್ಲಿ ಶಿಕ್ಷೆಯಾಯಿತು. ಐವರಿಗೆ ಗಲ್ಲು, ಏಳು ಜನರಿಗೆ ಜೀವಾವಧಿ. 2025ರ ಜುಲೈ 21ರಂದು ಮುಂಬಯಿ ಹೈಕೋರ್ಟು ಆ ಹನ್ನೆರಡೂ ಮಂದಿಯ ಮೇಲಿನ ಆರೋಪ ಸಾಬೀತಾಗಿಲ್ಲವೆಂದು ತೀರ್ಪು ಕೊಟ್ಟಿತು. ಒಬ್ಬ ಅಷ್ಟರೊಳಗೆ ಜೈಲಿನಲ್ಲೇ ತೀರಿಹೋಗಿದ್ದ. ರಾಜ್ಯ ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಆ ತೀರ್ಪನ್ನು ಬೇರೆ ಮೊಕದ್ದಮೆಗಳಿಗೆ ಮಾದರಿಯಾಗಿ ಬಳಸಕೂಡದೆಂದ ಕೋರ್ಟು, ಬಿಡುಗಡೆಯಾದವರನ್ನು ಮತ್ತೆ ಜೈಲಿಗೆ ಕಳುಹಿಸಲಿಲ್ಲ. ಹತ್ತೊಂಬತ್ತು ವರ್ಷ ಹೋದದ್ದು ಹೋಯಿತು. ರೈಲಿನಲ್ಲಿ ಸತ್ತವರ ಮನೆಯವರ ಗತಿಯೇನು? ಕೊಂದವರು ಯಾರೆಂದು ಅವರಿಗೆ ಹೇಳುವವರು ಯಾರು? ಯಾರನ್ನಾದರೂ ಹಿಡಿದರೆ ಸಾಕೆಂಬ ಆತುರ ಅವರಿಗೂ ಮೋಸ ಮಾಡುತ್ತದೆ.

ಗಿರಣಿಯ ಬಂಧುಗಳು ಇನ್ನೊಂದನ್ನು ಮರೆಯಬಾರದು. ಈ ಹೆಸರು ನಾಳೆ ಯಾರ ಹಣೆಗೆ ಅಂಟುತ್ತದೆಂದು ಹೇಳಬರುವುದಿಲ್ಲ. 1985ರಲ್ಲಿ ಭಯೋತ್ಪಾದನೆಯನ್ನು ಅಡಗಿಸಲೆಂದು ಟಾಡಾ ಕಾಯಿದೆ ಬಂತು. 1995ರಲ್ಲಿ ಅದು ಸಾಯುವವರೆಗೆ 76 ಸಾವಿರಕ್ಕೂ ಹೆಚ್ಚು ಜನ ಅದರಡಿಯಲ್ಲಿ ಬಂಧಿತರಾದರು. ಶಿಕ್ಷೆಯಾದವರು ನೂರಕ್ಕೆ ಕೈಬೆರಳಿನಷ್ಟೂ ಇಲ್ಲ. ಭಯೋತ್ಪಾದನೆಯ ಸುದ್ದಿ ಅಷ್ಟಾಗಿ ಕೇಳದಿದ್ದ ಗುಜರಾತಿನಲ್ಲಿಯೇ ಸಾವಿರಾರು ಜನ ಒಳಗೆ ಹೋದರು. ರೈತರ, ಕಾರ್ಮಿಕರ ಚಳವಳಿಗಾರರನ್ನೂ ಅದು ಬಿಡಲಿಲ್ಲ. ಇನ್ನೂ ಹಿಂದಕ್ಕೆ ಹೋದರೆ, 1929ರ ಏಪ್ರಿಲ್ 8ರಂದು ದಿಲ್ಲಿಯ ಶಾಸನಸಭೆಯಲ್ಲಿ ಭಗತ್ ಸಿಂಗ್, ಬಟುಕೇಶ್ವರ ದತ್ತ ಬಾಂಬು ಎಸೆದದ್ದು ಯಾವ ಮಸೂದೆಗಳ ವಿರುದ್ಧ? ಒಂದು ಸಾರ್ವಜನಿಕ ಸುರಕ್ಷತೆಯ ಮಸೂದೆ. ಇನ್ನೊಂದು ಮುಷ್ಕರದ ಹಕ್ಕನ್ನು ಮೊಟಕುಗೊಳಿಸುವ ಕೈಗಾರಿಕಾ ವಿವಾದಗಳ ಮಸೂದೆ. ಯಾರೂ ಸಾಯದಂತೆ ಖಾಲಿ ಜಾಗ ನೋಡಿ ಎಸೆದರು, ಓಡಿಹೋಗದೆ ನಿಂತು ಕೈ ಕೊಟ್ಟರು. ಸರಕಾರ ಅವರನ್ನು ಕರೆದದ್ದು ಭಯೋತ್ಪಾದಕರೆಂದು. ಭಗತ್ ಸಿಂಗರ ದಾರಿಯೆಲ್ಲ ಸರಿಯಿತ್ತೆಂದು ನಾವು ವಾದಿಸುವುದಿಲ್ಲ. ಬಾಂಬಿನಿಂದ ಆಗುವುದು ಬಹಳ ಕಡಿಮೆ, ರೈತರನ್ನೂ ಕಾರ್ಮಿಕರನ್ನೂ ಕೂಡಿಸುವುದೇ ದೊಡ್ಡ ಕೆಲಸವೆಂದು ಗಲ್ಲಿಗೆ ಮೊದಲು ಜೈಲಿನಿಂದ ಬರೆದವರು ಅವರೇ.

ಭಯೋತ್ಪಾದಕ ಮಾಡುವುದು ಅರ್ಧ ಕೆಲಸ. ಉಳಿದರ್ಧವನ್ನು ಅವನು ನಮಗೆ ಬಿಟ್ಟಿರುತ್ತಾನೆ. 1993ರ ಮಾರ್ಚ್ 12ರಂದು ಶೇರು ಪೇಟೆಯಿಂದ ಝವೇರಿ ಬಜಾರದವರೆಗೆ ಮುಂಬಯಿಯ ಹತ್ತಾರು ಕಡೆ ಬಾಂಬು ಸಿಡಿದು 257 ಜನ ಸತ್ತರು. ಎರಡು ತಿಂಗಳ ಹಿಂದಷ್ಟೇ ಕೋಮು ಗಲಭೆಯಲ್ಲಿ ಬೆಂದಿದ್ದ ನಗರ ಮತ್ತೆ ಹೊತ್ತಿಕೊಳ್ಳಲಿ ಎಂಬುದು ಹೂಡಿದವರ ಆಸೆ. ಹೊತ್ತಿಕೊಳ್ಳಲಿಲ್ಲ. ಪಹಲ್ಗಾಮಿನ ಮರುದಿನ, 2025ರ ಏಪ್ರಿಲ್ 23ರಂದು, ಕಾಶ್ಮೀರ ಕಣಿವೆಯ ಅಂಗಡಿಕಾರರು ಆ ಕೊಲೆಯನ್ನು ಖಂಡಿಸಿ ಬಾಗಿಲು ಹಾಕಿದರು. ಪ್ರವಾಸಿಗಳಿಲ್ಲದೆ ಅವರ ಹಂಗಾಮು ಮುಳುಗುವುದು ಅವರಿಗೆ ಆಗಲೇ ಕಂಡಿತ್ತು. ವಾರದೊಳಗೆ 87 ಪ್ರವಾಸಿ ತಾಣಗಳಲ್ಲಿ 48ನ್ನು ಸರಕಾರವೇ ಮುಚ್ಚಿಸಿತು. ಅದೇ ವಾರಗಳಲ್ಲಿ ಮಸ್ಸೂರಿಯಲ್ಲಿ ಶಾಲು ಮಾರುತ್ತಿದ್ದ ಕಾಶ್ಮೀರಿಗಳನ್ನು ಹೊಡೆದು ಊರು ಬಿಡುವಂತೆ ಮಾಡಿದರು. ಬೈಸರನ್ನಿನಲ್ಲಿ ಗುಂಡು ಹಾರಿಸಿದವರು ಮಸ್ಸೂರಿಗೆ ಬರಬೇಕಾಗಲಿಲ್ಲ. ನಮ್ಮ ಊರಿಗೂ ಅವರು ಬರಲಿಲ್ಲ, ಚೀಟಿ ಬಂತು.

ಚೀಟಿ ಬಂದ ಮೇಲೆ ಬಸ್ ಸ್ಟ್ಯಾಂಡಿನ ಐವರಲ್ಲಿ ಇಬ್ಬರು ಗಂಟು ಕಟ್ಟಿಕೊಂಡು ಹೋಗಿದ್ದಾರೆ. ಉಳಿದ ಮೂವರು ಶಿವರಾತ್ರಿಯವರೆಗೆ ಇರುವುದಾಗಿ ಹೇಳಿದ್ದಾರೆ. ಹೋದವರಿಗೆ ನಮ್ಮ ಗಿರಣಿ ಲೈನುಗಳಿಂದಲೂ, ಪೇಟೆಯ ಕೆಲವು ಅಂಗಡಿಗಳಿಂದಲೂ ಬರಬೇಕಾದ ಕಂತುಗಳು ನಿಂತಿವೆ. ಅವರು ಬಿಟ್ಟುಹೋದ ಲೆಕ್ಕದ ಪುಸ್ತಕ ಉಳಿದವರ ಹತ್ತಿರವಿದೆ. ಮೂರನೆಯ ಪಾಳಿಯವರ ಹೆಸರೇ ಅದರಲ್ಲಿ ಹೆಚ್ಚು. ಈ ಪತ್ರಿಕೆಯ ಕಚೇರಿಯ ಹೆಸರಿನಲ್ಲಿಯೂ ಎರಡು ಕಂತು ಬಾಕಿಯಿತ್ತು. ಕೊಟ್ಟು ರಸೀತಿ ಪಡೆದಿದ್ದೇವೆ. ಬಸ್ ಸ್ಟ್ಯಾಂಡಿಗೆ ಹೋಗಿ ಕೊಡಲು ಸಂಕೋಚಪಡುವವರಿದ್ದರೆ, ಬರುವ ಭಾನುವಾರ ಬಟವಡೆಯ ಮರುದಿನವಾದ್ದರಿಂದ, ಸಂಜೆ ನಾಲ್ಕರಿಂದ ಎಂಟರವರೆಗೆ ಯೂನಿಯನ್ ಕಚೇರಿಯಲ್ಲಿ ಹಣ ತೆಗೆದುಕೊಂಡು ಅವರ ಕೈಗೆ ಮುಟ್ಟಿಸುವ ಏರ್ಪಾಡಾಗಿದೆ. ಬರುವವರು ಶಾಲು ಕೊಂಡ ದಿನ ಕೊಟ್ಟಿದ್ದ ಹಳದಿ ಚೀಟಿಯನ್ನು ತಪ್ಪದೆ ತರಬೇಕು.